ಗೆದ್ದ ದೇಶದಲ್ಲಿ ಸೋತವರು

1780ರ ಅಕ್ಟೋಬರ್ 7ರ ಮಧ್ಯಾಹ್ನ, ಉತ್ತರ ಮತ್ತು ದಕ್ಷಿಣ ಕೆರೊಲಿನಾಗಳ ಗಡಿಯಲ್ಲಿರುವ ಕಿಂಗ್ಸ್ ಮೌಂಟನ್ ಎಂಬ ಕಾಡುಗುಡ್ಡದ ಮೇಲೆ ಸುಮಾರು ಒಂದು ಗಂಟೆಯ ಕಾಳಗ ನಡೆಯಿತು. ಗುಡ್ಡದ ನೆತ್ತಿಯಲ್ಲಿ ಬ್ರಿಟಿಷ್ ರಾಜನ ಪರವಾಗಿ ನಿಂತವರು ಸುಮಾರು 1,100 ಮಂದಿ. ಮರಗಳ ಮರೆಯಲ್ಲಿ ಮೇಲೇರುತ್ತ ಗುಂಡು ಹಾರಿಸಿದವರು ಸುಮಾರು 900. ಇಷ್ಟು ಜನರ ನಡುವೆ ಬ್ರಿಟನ್ನಿನ ಖಾಯಂ ಸೇನೆಗೆ ಸೇರಿದವನೆಂದರೆ ಹೆಚ್ಚುಕಡಿಮೆ ಮೇಜರ್ ಪ್ಯಾಟ್ರಿಕ್ ಫರ್ಗುಸನ್ ಒಬ್ಬನೇ. ಉಳಿದವರೆಲ್ಲ ಅಮೆರಿಕದ ವಸಾಹತುಗಳಲ್ಲೇ ಬೇಸಾಯ, ವ್ಯಾಪಾರ ಮಾಡಿಕೊಂಡಿದ್ದವರು. ಎರಡೂ ಕಡೆಯ ಹಳ್ಳಿಗರ ಉಡುಪು ಒಂದೇ, ಮಾತು ಒಂದೇ. ಗುರುತು ಸಿಗಲೆಂದು ರಾಜನ ಕಡೆಯ ಸ್ಥಳೀಯ ದಳದವರು ಟೋಪಿಗೆ ಪೈನ್ ಮರದ ಚಿಗುರು ಸಿಕ್ಕಿಸಿಕೊಂಡಿದ್ದರು. ಎದುರಿನವರು ಬಿಳಿ ಕಾಗದದ ಚೂರು. ಲೋಗನ್ ಮನೆತನದ ನಾಲ್ವರು ಅಣ್ಣತಮ್ಮಂದಿರಲ್ಲಿ ಇಬ್ಬರು ಚಿಗುರಿನ ಕಡೆ, ಇಬ್ಬರು ಕಾಗದದ ಕಡೆ.

ಫರ್ಗುಸನ್ ಸತ್ತ, ರಾಜನ ಪಡೆ ಸೋತಿತು. ಮರುದಿನ ಬೆಳಿಗ್ಗೆ ಸುತ್ತಲಿನ ಹೆಂಗಸರು ಮಕ್ಕಳು ಗುಡ್ಡ ಹತ್ತಿ ಬಂದು ಹೆಣಗಳ ನಡುವೆ ಗಂಡಂದಿರನ್ನು, ತಂದೆಯರನ್ನು ಹುಡುಕಿದರು. ಸೆರೆಸಿಕ್ಕವರಲ್ಲಿ ಒಂಬತ್ತು ಜನರನ್ನು ಒಂದು ವಾರದ ಮೇಲೆ ದಾರಿಯಲ್ಲೇ ಆತುರದ ವಿಚಾರಣೆ ಮುಗಿಸಿ ನೇಣಿಗೆ ಹಾಕಲಾಯಿತು.

ಅಮೆರಿಕದ ಸ್ವಾತಂತ್ರ್ಯದ ಕಥೆ ಪಠ್ಯಪುಸ್ತಕಗಳಲ್ಲಿ ಇಷ್ಟು ಕಲಕಿದಂತೆ ಕಾಣುವುದಿಲ್ಲ. ಪ್ರಾತಿನಿಧ್ಯವಿಲ್ಲದ ತೆರಿಗೆ, ಬಾಸ್ಟನ್ ಬಂದರಿನಲ್ಲಿ ನೀರುಪಾಲಾದ ಚಹಾ, 1776ರ ಜುಲೈನ ಘೋಷಣೆ, ಕೊನೆಗೆ ಜಾರ್ಜ್ ವಾಷಿಂಗ್ಟನ್ನನ ಜಯ. ಒಂದು ಕಡೆ ಲಂಡನ್ನಿನ ಮೂರನೇ ಜಾರ್ಜ್, ಇನ್ನೊಂದು ಕಡೆ ಒಗ್ಗಟ್ಟಾದ 13 ವಸಾಹತುಗಳು. ಆ ವಸಾಹತುಗಳ ಒಳಗೇ ಊರ ಮೇಲೆ ಊರು, ಮಗನ ಮೇಲೆ ಅಪ್ಪ ತಿರುಗಿಬಿದ್ದ ಎಂಟು ವರ್ಷಗಳ ಕಥೆಗೆ ಅಲ್ಲಿ ಜಾಗ ಕಡಿಮೆ. ರಾಜನ ಪಕ್ಷ ಹಿಡಿದವರನ್ನು ‘ಟೋರಿ’ಗಳೆಂದು ಕರೆದು, ದ್ರೋಹಿಗಳ ಸಾಲಿಗೆ ಸೇರಿಸಿ, ಗೆದ್ದವರು ಪುಟ ತಿರುವಿಬಿಟ್ಟರು. ಅವರು ಯಾರು, ಯಾಕೆ ಹಾಗೆ ನಿಂತರು ಎಂದು ಕೆದಕುತ್ತ ಹೋದರೆ ರಾಜಭಕ್ತಿಗಿಂತ ಹೆಚ್ಚಾಗಿ ನೆರೆಹೊರೆಯ ಹೊಂದಾಣಿಕೆ, ಹಗೆತನಗಳೇ ಎದುರಾಗುತ್ತವೆ. ಮೂರು ಸಾವಿರ ಮೈಲಿ ಆಚೆಯ ರಾಜನಿಗಿಂತ ಬೇಲಿಯಾಚೆಯ ಜಮೀನುದಾರ, ಎದುರು ಬೀದಿಯ ಚರ್ಚಿನವರು, ಕೈಯಲ್ಲಿ ಚಾಟಿ ಹಿಡಿದ ಒಡೆಯ ಯಾವ ಪಕ್ಷದವರು ಎಂಬುದು ಬಹಳ ಜನರ ಪಕ್ಷವನ್ನು ತೀರ್ಮಾನಿಸಿತು.

ರಾಜನಿಷ್ಠರು ಎಷ್ಟಿದ್ದರು? ಜನರಲ್ಲಿ ಮೂರನೇ ಒಂದು ಭಾಗ ಕ್ರಾಂತಿಯ ಪರ, ಮೂರನೇ ಒಂದು ವಿರುದ್ಧ, ಉಳಿದವರು ತಟಸ್ಥರು ಎಂದು ಜಾನ್ ಆಡಮ್ಸ್ ಹೇಳಿದ್ದಾಗಿ ಒಂದು ಮಾತು ತಲೆಮಾರುಗಳಿಂದ ಓಡಾಡುತ್ತಿದೆ. ಆ ಮಾತು ಬರುವ 1815ರ ಪತ್ರವನ್ನು ಪೂರ್ತಿ ಓದಿದರೆ ಆತ ಹೇಳುತ್ತಿರುವುದು ಫ್ರೆಂಚ್ ಕ್ರಾಂತಿಯ ವಿಷಯದಲ್ಲಿ ಅಮೆರಿಕನ್ನರು ಹೇಗೆ ಹಂಚಿಹೋಗಿದ್ದರು ಎಂಬುದನ್ನು. ಹೆಚ್ಚು ನಂಬಬಹುದಾದ ಅಂದಾಜು ಕೊಟ್ಟವರು ಇತಿಹಾಸಕಾರ ಪಾಲ್ ಸ್ಮಿತ್. ಬ್ರಿಟಿಷರ ಕೈಕೆಳಗೆ ಅಮೆರಿಕನ್ನರೇ ಸೇರಿದ್ದ ಪಡೆಗಳ ಹಾಜರಿ ಪಟ್ಟಿಗಳನ್ನು ಎಣಿಸಿ, ಸುಮಾರು 19,000 ಜನ ಅವುಗಳಲ್ಲಿ ಸೇವೆ ಸಲ್ಲಿಸಿದ್ದರೆಂದು ಅವರು 1968ರಲ್ಲಿ ತೋರಿಸಿದರು. ಅದರಿಂದ ಹೊರಟರೆ ರಾಜನಿಷ್ಠರ ಒಟ್ಟು ಸಂಖ್ಯೆ ಸುಮಾರು 5 ಲಕ್ಷ, ಬಿಳಿಯರಲ್ಲಿ ಐವರಿಗೊಬ್ಬರು.  ಆಗ ವಸಾಹತುಗಳ ಇಡೀ ಜನಸಂಖ್ಯೆಯಲ್ಲಿ ಸುಮಾರು ಐದನೇ ಒಂದು ಭಾಗ ಗುಲಾಮರು. ಅವರ ನಿಷ್ಠೆ ಯಾರ ಕಡೆ ಎಂದು 1775ರವರೆಗೆ ಯಾರೂ ಕೇಳಿರಲಿಲ್ಲ.

ರಾಜನಿಷ್ಠರೆಂದರೆ ಜರಿಯಂಚಿನ ಕೋಟು ತೊಟ್ಟ ಅಧಿಕಾರಿಗಳು ಎಂಬ ಚಿತ್ರವೇ ಮೊದಲು ಕಣ್ಣಿಗೆ ಬರುತ್ತದೆ. ಅಂಥವರೂ ಇದ್ದರು. ಅವರಲ್ಲಿ ಮುಖ್ಯನಾದ ಥಾಮಸ್ ಹಚಿನ್ಸನ್ ಬಾಸ್ಟನ್ನಿನಲ್ಲೇ ಹುಟ್ಟಿದವನು, ಮ್ಯಾಸಚೂಸೆಟ್ಸ್‌ನ ಇತಿಹಾಸ ಬರೆದವನು. 1765ರ ಸ್ಟಾಂಪ್ ಕಾಯ್ದೆ ಸರಿಯಲ್ಲವೆಂದು ಒಳಗೊಳಗೇ ವಾದಿಸಿದ್ದವನು. ಆದರೂ ಆ ವರ್ಷದ ಆಗಸ್ಟ್ 26ರ ರಾತ್ರಿ ಕಾಯ್ದೆಯ ವಿರುದ್ಧ ಎದ್ದ ಗುಂಪು ಅವನ ಮನೆಗೆ ನುಗ್ಗಿ ಕಿಟಕಿ ಬಾಗಿಲು ಮುರಿದು, ಗೋಡೆಯ ಹಲಗೆ ಕಿತ್ತು, ಇತಿಹಾಸದ ಹಸ್ತಪ್ರತಿಯನ್ನು ಬೀದಿಯ ಕೆಸರಿಗೆಸೆಯಿತು. ಹಾಳೆಗಳನ್ನು ಆರಿಸಿ ಕೊಟ್ಟವನೂ ಒಬ್ಬ ಊರಿನವನೇ. ಮುಂದೆ ಗವರ್ನರ್ ಆದ ಹಚಿನ್ಸನ್ 1774ರಲ್ಲಿ ಇಂಗ್ಲೆಂಡಿಗೆ ಹೋದವನು ಮತ್ತೆ ಮರಳಲಿಲ್ಲ. ತನ್ನ ಮಿಲ್ಟನ್ ಊರಿನ ಮನೆಗೆ ಹಂಬಲಿಸುತ್ತಲೇ 1780ರಲ್ಲಿ ತೀರಿಕೊಂಡ. ಇವನನ್ನು ಅಮೆರಿಕದ ಶತ್ರುವೆಂದು ಕರೆಯುವುದು ಅನ್ಯಾಯ. ಸಾಮ್ರಾಜ್ಯದ ಕಾನೂನಿನ ಚೌಕಟ್ಟು ಮುರಿದರೆ ಉಳಿಯುವುದು ಗುಂಪಿನ ಆಳ್ವಿಕೆ ಎಂಬ ಭಯ ಅವನದು. ಆ ರಾತ್ರಿ ಕಂಡದ್ದನ್ನು ನೆನೆದರೆ ಅದು ಬರಿಯ ಅನುಮಾನವಾಗಿರಲಿಲ್ಲ.

ಮಧ್ಯದ ದಾರಿ ಹುಡುಕಿದವರ ಪಾಡು ಇನ್ನೂ ಕಷ್ಟದ್ದು. ಪೆನ್ಸಿಲ್ವೇನಿಯಾದ ವಕೀಲ ಜೋಸೆಫ್ ಗ್ಯಾಲೊವೇ 1774ರ ಸೆಪ್ಟೆಂಬರ್‌ನಲ್ಲಿ ಮೊದಲ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಮುಂದೆ ಒಂದು ಯೋಜನೆ ಇಟ್ಟ: ಎಲ್ಲ ವಸಾಹತುಗಳಿಗೂ ಸೇರಿ ಅಮೆರಿಕದಲ್ಲೇ ಒಂದು ಶಾಸನಸಭೆ, ಬ್ರಿಟಿಷ್ ಪಾರ್ಲಿಮೆಂಟಿನ ಜೊತೆ ಪರಸ್ಪರ ಒಪ್ಪಿಗೆಯಿಂದ ಆಡಳಿತ. ಆರು ವಸಾಹತುಗಳು ಬೇಡವೆಂದವು, ಐದು ಬೇಕೆಂದವು. ಒಂದೇ ಮತದ ಅಂತರದಲ್ಲಿ ಯೋಜನೆ ಮೂಲೆಗೆ ಬಿತ್ತು. ಆಮೇಲೆ ನಡಾವಳಿಯ ಪುಸ್ತಕದಿಂದಲೂ ಅದನ್ನು ತೆಗೆದುಹಾಕಿದರು. 1774ರ ಶರತ್ಕಾಲದಲ್ಲಿ ಸ್ವಾತಂತ್ರ್ಯ ಇನ್ನೂ ಹಲವು ದಾರಿಗಳಲ್ಲಿ ಒಂದಾಗಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ದೊಡ್ಡವರನ್ನು ಬಿಟ್ಟು ಕೆಳಗಿಳಿದಂತೆಲ್ಲ ವಿಷಯ ರೋಚಕವಾಗುತ್ತದೆ. ನ್ಯೂಯಾರ್ಕಿನ ಹಡ್ಸನ್ ನದಿಯ ಕಣಿವೆಯಲ್ಲಿ ಲಿವಿಂಗ್‌ಸ್ಟನ್ ಮನೆತನದ ಜಮೀನುದಾರರು ಸ್ವಾತಂತ್ರ್ಯದ ಪರ ನಿಂತರು. ಅವರ ಗೇಣಿದಾರರಲ್ಲಿ ಅನೇಕರು ಅದೇ ಕಾರಣಕ್ಕೆ ರಾಜನ ಪರ ವಾಲಿದರು. ರಾಜ ಗೆದ್ದರೆ ಧಣಿಯ ನೆಲ ತಮ್ಮ ಪಾಲಿಗೆ ಬಂದೀತು ಎಂಬ ಆಸೆಯಿಂದ 1777ರಲ್ಲಿ ದಂಗೆಯನ್ನೂ ಎದ್ದರು. ಉತ್ತರ ಕೆರೊಲಿನಾದ ಸ್ಕಾಟಿಷ್ ಗುಡ್ಡಗಾಡಿನವರ ಉದಾಹರಣೆ ಇನ್ನೂ ವಿಚಿತ್ರ. 1746ರಲ್ಲಿ ಇದೇ ರಾಜವಂಶದ ವಿರುದ್ಧ ದಂಗೆಯೆದ್ದು ಸೋತಿದ್ದ ಸ್ಟುವರ್ಟ್ ರಾಜಕುಮಾರ ಚಾರ್ಲ್ಸ್‌ಗೆ ಹೆಣ್ಣುವೇಷ ಹಾಕಿಸಿ ದೋಣಿಯಲ್ಲಿ ಪಾರುಮಾಡಿದ್ದ ಫ್ಲೋರಾ ಮ್ಯಾಕ್‌ಡೊನಾಲ್ಡ್ 1774ರಲ್ಲಿ ಗಂಡನ ಜೊತೆ ಅಲ್ಲಿಗೆ ವಲಸೆ ಬಂದಿದ್ದಳು. ಎರಡು ವರ್ಷವೂ ಆಗಿರಲಿಲ್ಲ, ಅವಳ ಗಂಡ ಅದೇ ರಾಜವಂಶದ ಪರ ಕತ್ತಿ ಹಿಡಿದು ಮೂರ್ಸ್ ಕ್ರೀಕ್ ಸೇತುವೆಯತ್ತ ನಡೆದಿದ್ದ. ಎದುರಾಳಿಗಳು ಸೇತುವೆಯ ಹಲಗೆ ಕಿತ್ತು ತೊಲೆಗಳಿಗೆ ಕೊಬ್ಬು ಬಳಿದಿದ್ದರು. 1776ರ ಫೆಬ್ರವರಿ 27ರ ಬೆಳಗಿನ ಆ ಕಾಳಗ ಕೆಲವೇ ನಿಮಿಷಗಳಲ್ಲಿ ಮುಗಿದು, ಅವನು ಸೆರೆಯಾದ. ಒಮ್ಮೆ ದಂಗೆಯೆದ್ದು ಊರು ಕೇರಿ ಸುಟ್ಟುಹೋದುದನ್ನು ಕಂಡವರು ಈ ಗುಡ್ಡಗಾಡಿನವರು. ಮಾಡಿದ ಪ್ರಮಾಣ ಮುರಿದರೆ ಏನಾಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಂಥ ಉದಾಹರಣೆಗಳನ್ನೆಲ್ಲ ಜೋಡಿಸಿ ವಿಲಿಯಂ ನೆಲ್ಸನ್ ಎಂಬ ಇತಿಹಾಸಕಾರರು 1961ರಲ್ಲಿ ಒಂದು ವಿವರಣೆ ಮುಂದಿಟ್ಟರು. ಬಹುಸಂಖ್ಯಾತ ನೆರೆಯವರ ನಡುವೆ ತಾವು ಅಲ್ಪಸಂಖ್ಯಾತರು ಎಂಬ ಭಾವನೆಯಿದ್ದ ಗುಂಪುಗಳು ರಾಜನ ಆಸರೆ ಬಯಸಿದವು ಎಂಬುದು ಅದರ ತಿರುಳು. ಪ್ಯೂರಿಟನ್ನರ ನಡುವಿನ ಆಂಗ್ಲಿಕನ್ನರು, ಒಳನಾಡಿನ ಬೇಸಾಯಗಾರರು, ಇಂಗ್ಲಿಷ್ ಇನ್ನೂ ನೆಟ್ಟಗೆ ಬಾರದ ಹೊಸ ವಲಸೆಗಾರರು ಹೀಗೆ. ಎಲ್ಲ ಕಡೆ ಈ ಸೂತ್ರ ಕೂಡಿಬರುವುದಿಲ್ಲ, ಅಪವಾದಗಳು ಬೇಕಾದಷ್ಟಿವೆ. ಆದರೂ ಅರವತ್ತು ವರ್ಷಗಳ ನಂತರವೂ ಅದಕ್ಕಿಂತ ಹೆಚ್ಚು ಸಂಗತಿಗಳನ್ನು ಒಳಗೊಳ್ಳುವ ವಿವರಣೆ ಸುಲಭಕ್ಕೆ ಸಿಗುವುದಿಲ್ಲ.

ಯಾವ ಪಕ್ಷವೂ ಬೇಡ, ಹೊಲ ಮನೆ ನೋಡಿಕೊಂಡಿರೋಣ ಎಂದವರನ್ನು ಯುದ್ಧ ಸುಮ್ಮನಿರಲು ಬಿಡಲಿಲ್ಲ. ಜಾರ್ಜಿಯಾದ ಆಗಸ್ಟಾ ಬಳಿ ಜಮೀನು ಕೊಂಡು ವರ್ಷವೂ ತುಂಬದ ಇಂಗ್ಲಿಷ್ ತರುಣ ಥಾಮಸ್ ಬ್ರೌನ್, ಬಂಡಾಯಗಾರರ ಒಪ್ಪಂದಕ್ಕೆ ರುಜು ಹಾಕಲು 1775ರ ಆಗಸ್ಟ್‌ನಲ್ಲಿ ಒಲ್ಲೆನೆಂದ. ಮನೆಬಾಗಿಲಿಗೆ ಬಂದ ಗುಂಪು ಅವನ ತಲೆಗೆ ಬಂದೂಕಿನ ಹಿಡಿಯಿಂದ ಹೊಡೆದು, ಮರಕ್ಕೆ ಕಟ್ಟಿ, ಕಾಲಿಗೆ ಡಾಂಬರು ಬಳಿದು, ಅಂಗಾಲಿನ ಕೆಳಗೆ ಬೆಂಕಿಯಿಟ್ಟಿತು. ಎರಡು ಬೆರಳು ಕಳೆದುಕೊಂಡು ಬದುಕಿದ ಬ್ರೌನ್ ರಾಜನ ಪಡೆಯೊಂದರ ದಳಪತಿಯಾದ. ಮುಂದಿನ ವರ್ಷಗಳಲ್ಲಿ ಅದೇ ಆಗಸ್ಟಾದಲ್ಲಿ ಸೆರೆಯಾಳುಗಳನ್ನು ಗಲ್ಲಿಗೇರಿಸಿ ಕುಖ್ಯಾತನೂ ಆದ. ದಕ್ಷಿಣದ ಒಳನಾಡಿನಲ್ಲಿ ಸೇಡಿಗೆ ಸೇಡು ಬೆಳೆದದ್ದು ಹೀಗೆ.

ಕ್ವೇಕರರ ಕಷ್ಟ ಇನ್ನೊಂದು ಬಗೆಯದು. ಅವರ ಧರ್ಮದಲ್ಲಿ ಆಯುಧ ಹಿಡಿಯುವಂತಿಲ್ಲ, ಪ್ರಮಾಣ ಮಾಡುವಂತೆಯೂ ಇಲ್ಲ. ಪೆನ್ಸಿಲ್ವೇನಿಯಾದ ಹೊಸ ಸರ್ಕಾರ 1777ರಲ್ಲಿ ನಿಷ್ಠೆಯ ಪ್ರಮಾಣವನ್ನು ಕಡ್ಡಾಯ ಮಾಡಿತು. ಮಾಡದವರಿಗೆ ಮತವಿಲ್ಲ, ಸಾಲ ವಸೂಲಿಗೆ ಕೋರ್ಟಿಗೆ ಹೋಗುವಂತಿಲ್ಲ, ಜಮೀನು ಕೊಳ್ಳುವಂತಿಲ್ಲ. ಅದೇ ವರ್ಷ ಫಿಲಡೆಲ್ಫಿಯಾದ ಸುಮಾರು 20 ಜನರನ್ನು, ಬಹುತೇಕ ಕ್ವೇಕರರನ್ನೇ, ವಿಚಾರಣೆಯಿಲ್ಲದೆ ವರ್ಜೀನಿಯಾದ ವಿಂಚೆಸ್ಟರ್‌ಗೆ ಗಡೀಪಾರು ಮಾಡಲಾಯಿತು. ಇಬ್ಬರು ಅಲ್ಲೇ ಸತ್ತರು. ಬ್ರಿಟಿಷರು ನಗರ ಬಿಟ್ಟ ಬಳಿಕ 1778ರ ನವೆಂಬರ್‌ನಲ್ಲಿ ಅಬ್ರಹಾಂ ಕಾರ್ಲೈಲ್ ಎಂಬ ಬಡಗಿಯನ್ನೂ ಜಾನ್ ರಾಬರ್ಟ್ಸ್ ಎಂಬ ಹಿಟ್ಟಿನ ಗಿರಣಿಯವನನ್ನೂ ರಾಜದ್ರೋಹಕ್ಕಾಗಿ ನೇಣಿಗೇರಿಸಿದರು. ಕ್ಷಮಾದಾನ ಕೋರಿ ಸಾವಿರಾರು ಜನ ರುಜು ಹಾಕಿದ್ದರು, ಅದು ನಡೆಯಲಿಲ್ಲ. ಬಡಗಿಯ ಮೇಲಿದ್ದ ಮುಖ್ಯ ಆರೋಪವೆಂದರೆ ಬ್ರಿಟಿಷರಿದ್ದಾಗ ನಗರದ ಹೆಬ್ಬಾಗಿಲಿನಲ್ಲಿ ಓಡಾಟದ ಪರವಾನಗಿಯ ಕೆಲಸ ನೋಡಿಕೊಂಡದ್ದು.

ಮನೆಯೊಳಗೆ ಬಿದ್ದ ಬಿರುಕುಗಳಲ್ಲಿ ಹೆಚ್ಚು ಹೆಸರಾದದ್ದು ಫ್ರಾಂಕ್ಲಿನ್ ಮನೆಯದು. ಬೆಂಜಮಿನ್ ಫ್ರಾಂಕ್ಲಿನ್‌ನ ಮಿಂಚಿನ ಗಾಳಿಪಟದ ಪ್ರಯೋಗಕ್ಕೆ ಜೊತೆಗಿದ್ದವನು ಮಗ ವಿಲಿಯಂ. ಅಪ್ಪನ ಪ್ರಭಾವದ ನೆರಳಿನಲ್ಲೇ ನ್ಯೂ ಜೆರ್ಸಿಯ ಗವರ್ನರ್ ಆದ. 1776ರಲ್ಲಿ ರಾಜನ ಪರ ನಿಂತು ಬಂಧನಕ್ಕೊಳಗಾದ. ಕನೆಕ್ಟಿಕಟ್‌ನಲ್ಲಿ ಏಕಾಂತ ಸೆರೆಯಲ್ಲಿದ್ದಾಗ ಹೆಂಡತಿ ಎಲಿಜಬೆತ್ ನ್ಯೂಯಾರ್ಕಿನಲ್ಲಿ ಸಾಯುತ್ತಿದ್ದಳು. ಒಮ್ಮೆ ನೋಡಿಬರಲು ಬಿಡಿ ಎಂದು ಬೇಡಿದ. ವಾಷಿಂಗ್ಟನ್ ಆ ಮನವಿಯನ್ನು ಕಾಂಗ್ರೆಸ್ಸಿಗೆ ಕಳಿಸಿದ, ಕಾಂಗ್ರೆಸ್ ತಿರಸ್ಕರಿಸಿತು. 1777ರ ಜುಲೈನಲ್ಲಿ ಅವಳು ತೀರಿಕೊಂಡಳು. ಬಿಡುಗಡೆಯಾದ ವಿಲಿಯಂ ರಾಜನಿಷ್ಠರ ಸಶಸ್ತ್ರ ದಾಳಿಗಳ ಸಂಘಟಕನಾದ. ಯುದ್ಧ ಮುಗಿದ ಮೇಲೆ 1784ರಲ್ಲಿ ಅವನು ರಾಜಿಗೆ ಕೈ ಚಾಚಿ ಬರೆದಾಗ, ಇಳಿವಯಸ್ಸಿನಲ್ಲಿ ಒಬ್ಬನೇ ಮಗ ತನ್ನ ವಿರುದ್ಧ ಆಯುಧ ಎತ್ತಿದ್ದಕ್ಕಿಂತ ಹೆಚ್ಚಿನ ನೋವು ತನಗೆ ಬೇರೆ ಆಗಿಲ್ಲವೆಂದು ಅಪ್ಪ ಉತ್ತರಿಸಿದ. ಮರುವರ್ಷ ಸೌತಾಂಪ್ಟನ್ ಬಂದರಿನಲ್ಲಿ ಇಬ್ಬರೂ ಕೊನೆಯ ಸಲ ಭೇಟಿಯಾದರು. ಆ ಭೇಟಿ ಬಹುಪಾಲು ಆಸ್ತಿಪತ್ರಗಳ ವ್ಯವಹಾರದಲ್ಲೇ ಕಳೆಯಿತು. ಉಯಿಲಿನಲ್ಲಿ ಮಗನಿಗೆ ಬಂದದ್ದು ನೋವಾ ಸ್ಕೋಷಿಯಾದ ಒಂದಷ್ಟು ನೆಲ, ಮತ್ತು ಮೊದಲೇ ಅವನ ಬಳಿಯಿದ್ದ ಪುಸ್ತಕಗಳು. ರಾಜನಿಷ್ಠರಿಗೆ ಪರಿಹಾರ ಕೊಡಬೇಕೆಂಬ ಬೇಡಿಕೆಯನ್ನು ಸಂಧಾನದ ಮೇಜಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸಿದವನು ಬೆಂಜಮಿನ್ ಫ್ರಾಂಕ್ಲಿನ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆ ಕಠಿಣ ನಿಲುವಿನ ಹಿಂದೆ ಒಬ್ಬ ತಂದೆಯ ಸಿಟ್ಟು ಕೂಡ ಇತ್ತು.

ಹೆಂಗಸರಿಗೆ ಸ್ವಂತ ನಿಷ್ಠೆಯೊಂದು ಇರಬಹುದು ಎಂಬುದನ್ನೇ ಆಗಿನ ಕಾನೂನು ಒಪ್ಪುತ್ತಿರಲಿಲ್ಲ. ಯೋಜನೆ ಮುರಿದುಬಿದ್ದ ಮೇಲೆ ಬ್ರಿಟಿಷರ ಕಡೆ ಸೇರಿದ ಜೋಸೆಫ್ ಗ್ಯಾಲೊವೇ 1778ರಲ್ಲಿ ಮಗಳನ್ನು ಕರೆದುಕೊಂಡು ದೇಶ ಬಿಟ್ಟ. ಹೆಂಡತಿ ಗ್ರೇಸ್ ಉಳಿದಳು, ತವರಿನಿಂದ ಬಂದ ಆಸ್ತಿಯನ್ನು ಕಾಯಲು. ಆಗಸ್ಟ್ 20ರಂದು ಜಪ್ತಿಯ ಅಧಿಕಾರಿಗಳು ಬಂದಾಗ ಬಾಗಿಲುಗಳಿಗೆಲ್ಲ ಅಗುಳಿ ಹಾಕಿ ಒಳಗೆ ಕೂತಳು. ಅವರು ಅಡುಗೆಮನೆಯ ಬಾಗಿಲು ಮುರಿದು ಬಂದರು. ಅವರ ಮುಂದಾಳು ಚಾರ್ಲ್ಸ್ ವಿಲ್ಸನ್ ಪೀಲ್, ವಾಷಿಂಗ್ಟನ್ನನ ಚಿತ್ರಗಳನ್ನು ಬರೆದು ಮುಂದೆ ಹೆಸರಾದ ಕಲಾವಿದ. ತಾನಾಗಿ ಮನೆ ಬಿಡುತ್ತಿಲ್ಲ, ಬಲವಂತಕ್ಕೆ ಹೊರಡುತ್ತಿದ್ದೇನೆ, ಇದನ್ನು ಎಲ್ಲರೂ ಗಮನಿಸಿ ಎಂದು ಗ್ರೇಸ್ ಸಾಕ್ಷಿಗಳ ಎದುರು ಹೇಳಿದಳು. ಪೀಲ್ ತೋಳು ಹಿಡಿದು ಹೊರಗೆ ನಡೆಸಿದ. ಇದನ್ನೆಲ್ಲ ಆಕೆ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಬಾಡಿಗೆ ಕೋಣೆಯಲ್ಲಿ ಬದುಕಿ, ಗಂಡ ಮಗಳನ್ನು ಮತ್ತೆ ನೋಡದೆ 1782ರಲ್ಲಿ ಸತ್ತಳು. ಆಸ್ತಿಯ ಹಕ್ಕನ್ನು ಮಾತ್ರ ಕೊನೆವರೆಗೂ ಬಿಟ್ಟುಕೊಡಲಿಲ್ಲ. ಅದು ಕಡೆಗೆ ಅವಳ ವಾರಸುದಾರರಿಗೇ ಸಿಕ್ಕಿತು.

ಹೆಂಡತಿಗೆ ಸ್ವಂತ ನಿಷ್ಠೆಯಿದೆಯೇ ಎಂಬ ಪ್ರಶ್ನೆ 1805ರಲ್ಲಿ ಮ್ಯಾಸಚೂಸೆಟ್ಸ್‌ನ ಉಚ್ಚ ನ್ಯಾಯಾಲಯದ ಮುಂದೆ ನೇರವಾಗಿ ಬಂತು. ಬ್ರಿಟಿಷ್ ಅಧಿಕಾರಿಯಾಗಿದ್ದ ಗಂಡನ ಜೊತೆ ದೇಶ ಬಿಟ್ಟಿದ್ದ ಆನಾ ಮಾರ್ಟಿನ್‌ಳ ಜಮೀನನ್ನು ರಾಜ್ಯ ಮುಟ್ಟುಗೋಲು ಹಾಕಿಕೊಂಡಿತ್ತು; ಮಗ ಜೇಮ್ಸ್ ದಾವೆ ಹೂಡಿದ್ದ. ಸರ್ಕಾರಿ ವಕೀಲರ ವಾದ, ಆಕೆ ಸ್ವತಂತ್ರವಾಗಿ ದೇಶವನ್ನು ಆರಿಸಿಕೊಳ್ಳಬಹುದಿತ್ತು ಎಂದು. ನ್ಯಾಯಾಲಯ ಒಪ್ಪಲಿಲ್ಲ. ಗಂಡ ಹೋದಲ್ಲಿಗೆ ಹೋಗಲೇಬೇಕಾದ ಹೆಂಡತಿಗೆ ದ್ರೋಹ ಮಾಡುವ ಸ್ವಾತಂತ್ರ್ಯವೂ ಇಲ್ಲ ಎಂದು ತೀರ್ಪು ಮಗನ ಕಡೆಗಾಯಿತು. ಕ್ರಾಂತಿಯಾಗಿ ಮೂವತ್ತು ವರ್ಷ ಕಳೆದ ಮೇಲೂ ಗಣರಾಜ್ಯದ ನ್ಯಾಯಾಧೀಶರು ವಿವಾಹಿತೆಯನ್ನು ಪ್ರಜೆಯೆಂದು ಕಾಣದೆ ಅವಳ ಜಮೀನು ಉಳಿಸಿಕೊಟ್ಟರು.

ಗುಲಾಮರ ಆಯ್ಕೆಯಲ್ಲಿ ಇಂಥ ಗೊಂದಲ ಕಡಿಮೆ. 1775ರ ನವೆಂಬರ್ 7ರಂದು ವರ್ಜೀನಿಯಾದ ಗವರ್ನರ್ ಡನ್‌ಮೋರ್, ಬಂಡಾಯಗಾರ ಒಡೆಯರನ್ನು ಬಿಟ್ಟು ಬಂದು ರಾಜನ ಪರ ಆಯುಧ ಹಿಡಿಯುವ ಗುಲಾಮರಿಗೆ ಬಿಡುಗಡೆ ಎಂದು ಸಾರಿದ. ಅವನಿಗೆ ಗುಲಾಮಗಿರಿಯ ಮೇಲೆ ಸಿಟ್ಟಿರಲಿಲ್ಲ. ಸ್ವತಃ ಗುಲಾಮರ ಒಡೆಯ. ರಾಜನಿಷ್ಠರ ಗುಲಾಮರಿಗೆ ಆ ಸಾರಿಕೆ ಅನ್ವಯಿಸುತ್ತಲೂ ಇರಲಿಲ್ಲ. ಆದರೂ ಕೆಲವೇ ವಾರಗಳಲ್ಲಿ ನೂರಾರು ಜನ ತೋಟಗಳಿಂದ ಓಡಿ ಅವನ ಹಡಗುಗಳನ್ನು ಸೇರಿದರು. ಅವರಲ್ಲಿ ಹೆಚ್ಚಿನವರನ್ನು ಸಿಡುಬು ಕೊಂದಿತು. 1779ರಲ್ಲಿ ಬ್ರಿಟಿಷ್ ಜನರಲ್ ಕ್ಲಿಂಟನ್ ಇದೇ ಭರವಸೆಯನ್ನು ಎಲ್ಲ ವಸಾಹತುಗಳಿಗೂ ವಿಸ್ತರಿಸಿದ. ಇನ್ನೊಂದು ಕಡೆ ಸುಮಾರು 5,000 ಕರಿಯರು ವಾಷಿಂಗ್ಟನ್ನನ ಸೇನೆಯಲ್ಲೂ ಹೋರಾಡಿದರು. ಯಾರು ಬಿಡುಗಡೆಯ ಮಾತಾಡಿದರೋ, ಯಾರ ಬಿಡಾರ ಹತ್ತಿರವಿತ್ತೋ, ಅವರ ಕಡೆ. ಸ್ವಾತಂತ್ರ್ಯ ಎಂಬುದಕ್ಕೆ ಈ ಜನರಷ್ಟು ನೇರವಾದ ಅರ್ಥ ಕೊಟ್ಟವರು ಆ ಯುದ್ಧದಲ್ಲಿ ಬೇರೆ ಯಾರೂ ಇರಲಿಲ್ಲ.

ಮೂಲನಿವಾಸಿಗಳಿಗೂ ಪಕ್ಷ ಆರಿಸದೆ ಗತ್ಯಂತರವಿರಲಿಲ್ಲ. ಆರು ಬುಡಕಟ್ಟುಗಳ ಇರಾಕ್ವಾ ಒಕ್ಕೂಟ ತಲೆಮಾರುಗಳಿಂದ ಒಂದಾಗಿತ್ತು. ಯುದ್ಧದಲ್ಲಿ ಅದು ಸೀಳಿತು: ಮೊಹಾಕ್, ಸೆನೆಕಾ, ಕಯೂಗಾ, ಒನೊಂಡಾಗಾಗಳಲ್ಲಿ ಹೆಚ್ಚಿನವರು ರಾಜನ ಕಡೆ, ಒನೈಡಾ, ಟಸ್ಕರೋರಾಗಳಲ್ಲಿ ಹೆಚ್ಚಿನವರು ಅಮೆರಿಕನ್ನರ ಕಡೆ. 1777ರ ಆಗಸ್ಟ್ 6ರ ಒರಿಸ್ಕನಿ ಕಾಳಗದಲ್ಲಿ ಇವರೇ ಪರಸ್ಪರ ಎದುರಾದರು, ಆಮೇಲೆ ಒಬ್ಬರ ಹಳ್ಳಿಯನ್ನು ಒಬ್ಬರು ಸುಟ್ಟರು. 1779ರಲ್ಲಿ ವಾಷಿಂಗ್ಟನ್ ಕಳಿಸಿದ ಜನರಲ್ ಸಲಿವನ್‌ನ ಸೇನೆ 40ಕ್ಕೂ ಹೆಚ್ಚು ಇರಾಕ್ವಾ ಊರುಗಳನ್ನು, ಕಟಾವಿಗೆ ಬಂದ ಜೋಳದ ಹೊಲಗಳನ್ನು, ಹಣ್ಣಿನ ತೋಟಗಳನ್ನು ನಾಶಮಾಡಿತು. ಮೊಹಾಕ್ ನಾಯಕ ಜೋಸೆಫ್ ಬ್ರ್ಯಾಂಟ್ ನಂಬಿದ ರಾಜ, 1783ರ ಪ್ಯಾರಿಸ್ ಒಪ್ಪಂದದಲ್ಲಿ ಅವರ ನೆಲವನ್ನು ಒಂದು ಮಾತೂ ಕೇಳದೆ ಬಿಟ್ಟುಕೊಟ್ಟ. ಗೆದ್ದವರ ಜೊತೆಗಿದ್ದ ಒನೈಡಾಗಳ ನೆಲವೂ ಮುಂದಿನ ದಶಕಗಳಲ್ಲಿ ಬಹುಪಾಲು ನ್ಯೂಯಾರ್ಕ್ ರಾಜ್ಯದ ಪಾಲಾಯಿತು. ಯಾವ ಪಕ್ಷ ಹಿಡಿದರೂ ಫಲ ಒಂದೇ ಆದದ್ದು ಇವರಿಗೆ ಮಾತ್ರ.

ಕನ್ನಡ ಓದುಗರಿಗೆ ಲಾರ್ಡ್ ಕಾರ್ನ್‌ವಾಲಿಸ್ ಎಂದರೆ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಒಯ್ದ ಗವರ್ನರ್ ಜನರಲ್. ಅದಕ್ಕೆ ಹತ್ತು ವರ್ಷ ಮೊದಲು, 1781ರ ಅಕ್ಟೋಬರ್ 19ರಂದು ವರ್ಜೀನಿಯಾದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೆ ಶರಣಾದವನೂ ಇವನೇ. ತನ್ನ ಜೊತೆಗಿದ್ದ ಅಮೆರಿಕನ್ ರಾಜನಿಷ್ಠರಿಗೆ ಶಿಕ್ಷೆ ಕೂಡದು ಎಂಬ ಷರತ್ತನ್ನು ಶರಣಾಗತಿಯ ಹತ್ತನೇ ಕಲಮಾಗಿ ಅವನು ಕೇಳಿದ, ವಾಷಿಂಗ್ಟನ್ ನಿರಾಕರಿಸಿದ. ಉಳಿದದ್ದು ಒಂದು ಕಿಂಡಿ: ‘ಬೊನೆಟಾ’ ಎಂಬ ಸಣ್ಣ ಹಡಗು ತಪಾಸಣೆಯಿಲ್ಲದೆ ನ್ಯೂಯಾರ್ಕಿಗೆ ಹೋಗಬಹುದು ಎಂಬ ಒಪ್ಪಿಗೆ. ಹಿಡಿದಷ್ಟು ರಾಜನಿಷ್ಠರನ್ನು ಅದರಲ್ಲಿ ತುಂಬಿ ಕಳಿಸಿದರು. ಅವನನ್ನು ನಂಬಿ ಹಿಂಬಾಲಿಸಿದ್ದ ಕರಿಯರಿಗೆ ಆ ಭಾಗ್ಯವೂ ಇರಲಿಲ್ಲ. ಮುತ್ತಿಗೆಯಲ್ಲಿ ಆಹಾರ ಮುಗಿಯುತ್ತ ಬಂದಾಗ ಸಿಡುಬು ಹತ್ತಿದವರನ್ನು ಸೇರಿಸಿ ಅವರನ್ನು ಕೋಟೆಯಿಂದ ಹೊರಗಟ್ಟಲಾಗಿತ್ತು. ಎಷ್ಟೋ ಜನ ಕಾಡಿನಲ್ಲಿ ಸತ್ತರು, ಬದುಕಿದವರನ್ನು ಹಳೆಯ ಒಡೆಯರು ಹುಡುಕಿ ಎಳೆದೊಯ್ದರು.

ಮೈಸೂರಿನ ಹೆಸರು ಈ ಯುದ್ಧದಲ್ಲಿ ಇನ್ನೊಂದು ಕಡೆ ಬರುತ್ತದೆ. ಡೆಲವೇರ್ ಕೊಲ್ಲಿಯಲ್ಲಿ ಫಿಲಡೆಲ್ಫಿಯಾದ ಸರಕು ದೋಣಿಗಳನ್ನು ಬ್ರಿಟಿಷ್ ನೌಕೆಗಳ ಜೊತೆಗೆ ರಾಜನಿಷ್ಠ ನಿರಾಶ್ರಿತರ ಸಣ್ಣ ದೋಣಿಗಳೂ ದೋಚುತ್ತಿದ್ದವು. ಅವನ್ನು ತಡೆಯಲು ಅಲ್ಲಿನ ವರ್ತಕರು 1782ರಲ್ಲಿ ಒಂದು ಹಡಗಿಗೆ ತೋಪುಗಳನ್ನು ಕೂಡಿಸಿದರು. ಏಪ್ರಿಲ್ 8ರಂದು ಕ್ಯಾಪ್ಟನ್ ಜೋಶುವಾ ಬಾರ್ನಿ ಅದೇ ಹಡಗಿನಿಂದ ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಹಿಡಿದ. ಆ ಹಡಗಿನ ಹೆಸರು ‘ಹೈದರ್ ಅಲಿ’. ಕರ್ನಾಟಿಕ್ ಪ್ರಾಂತದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೆ ಮೈಸೂರು ಕೊಟ್ಟ ಹೊಡೆತದ ಸುದ್ದಿ ಫಿಲಡೆಲ್ಫಿಯಾದಲ್ಲಿ ಎಷ್ಟು ಹಿತವಾಗಿ ಕೇಳಿಸಿತ್ತು ಎಂಬುದು ಆ ಹೆಸರಿನಿಂದಲೇ ತಿಳಿಯುತ್ತದೆ.

ಪ್ಯಾರಿಸ್ ಒಪ್ಪಂದದ ಐದನೇ ಕಲಮಿನಲ್ಲಿ ರಾಜನಿಷ್ಠರ ಆಸ್ತಿ ಮರಳಿಸುವಂತೆ ಕಾಂಗ್ರೆಸ್ ರಾಜ್ಯಗಳಿಗೆ ಶಿಫಾರಸು ಮಾಡುವುದೆಂದು ಬರೆದಿತ್ತು. ಶಿಫಾರಸು ಕಾಗದದಲ್ಲೇ ಉಳಿಯಿತು. ಸವಾನಾ, ಚಾರ್ಲ್ಸ್‌ಟನ್, ಕೊನೆಗೆ 1783ರ ನವೆಂಬರ್ 25ರಂದು ನ್ಯೂಯಾರ್ಕ್ ಹೀಗೆ ಒಂದೊಂದೇ ಬಂದರು ತೆರವಾದಂತೆ ಸುಮಾರು 60,000 ಜನ ದೇಶ ಬಿಟ್ಟರೆಂದು ಇತಿಹಾಸಕಾರ್ತಿ ಮಾಯಾ ಜಸನಾಫ್ ಲೆಕ್ಕ ಕೊಡುತ್ತಾರೆ. ಜೊತೆಗೆ ಅವರು ಒಯ್ದ ಸುಮಾರು 15,000 ಗುಲಾಮರು. ಅರ್ಧದಷ್ಟು ಜನ ಹೋದದ್ದು ನೋವಾ ಸ್ಕೋಷಿಯಾದ ಕಡೆಗೆ. ಅಲ್ಲಿ ಶೆಲ್ಬರ್ನ್ ಎಂಬ ಊರು ಒಂದೆರಡು ವರ್ಷದಲ್ಲಿ 10,000 ಜನರ ಪಟ್ಟಣವಾಗಿ ಬೆಳೆದು, ಅಷ್ಟೇ ಬೇಗ ಬರಿದಾಯಿತು. 1784ರಲ್ಲಿ ನ್ಯೂ ಬ್ರನ್ಸ್‌ವಿಕ್ ಎಂಬ ಹೊಸ ಪ್ರಾಂತವೇ ಅವರಿಗಾಗಿ ಹುಟ್ಟಿತು. ಇಂದಿನ ಇಂಗ್ಲಿಷ್ ಭಾಷಿಕ ಕೆನಡಾದ ಬುನಾದಿಯಲ್ಲಿ ಈ ಸೋತವರ ದೊಡ್ಡ ಪಾಲಿದೆ. ಫ್ಲೋರಿಡಾಕ್ಕೆ ಹೋಗಿ ಮನೆ ಕಟ್ಟಿಕೊಂಡವರಿಗೆ ಅದೇ ಕಾಲದ ಬ್ರಿಟನ್–ಸ್ಪೇನ್ ಒಪ್ಪಂದದಲ್ಲಿ ಫ್ಲೋರಿಡಾ ಸ್ಪೇನಿನ ಪಾಲಾದ ಸುದ್ದಿ ಬಂತು. ಮತ್ತೆ ಗಂಟುಮೂಟೆ ಕಟ್ಟಿದರು.

ಕೆಲವು ಕುಡಿಗಳು ಭಾರತಕ್ಕೂ ಬಂದವು. ಅಮೆರಿಕನ್ನರ ಪಕ್ಷ ಬಿಟ್ಟು 1780ರಲ್ಲಿ ಬ್ರಿಟಿಷರನ್ನು ಸೇರಿದ ಜನರಲ್ ಬೆನೆಡಿಕ್ಟ್ ಆರ್ನಲ್ಡ್‌ನ ಇಬ್ಬರು ಗಂಡುಮಕ್ಕಳು ಕಂಪನಿಯ ಬಂಗಾಳ ಸೇನೆಯಲ್ಲಿ ದುಡಿದರು. ನ್ಯೂಯಾರ್ಕಿನ ಲಿವಿಂಗ್‌ಸ್ಟನ್ ಮನೆಮಗಳಿಗೂ ಬ್ರಿಟಿಷ್ ಅಧಿಕಾರಿಗೂ ಹುಟ್ಟಿದ ವಿಲಿಯಂ ಗಾರ್ಡ್ನರ್ ಹೋಳ್ಕರರ ಬಳಿಯೂ ಚಾಕರಿ ಮಾಡಿ, ಖಂಭಾತಿನ ನವಾಬರ ಮನೆತನದ ಹೆಣ್ಣನ್ನು ಮದುವೆಯಾಗಿ ಇಲ್ಲೇ ನೆಲೆಸಿದ. ಅವನು ಕಟ್ಟಿದ ಕುದುರೆ ದಳ ಭಾರತೀಯ ಸೇನೆಯಲ್ಲಿ ಇಂದಿಗೂ ‘ಗಾರ್ಡ್ನರ್ಸ್ ಹಾರ್ಸ್’ ಎಂದೇ ಪ್ರಸಿದ್ಧ.

ಲಂಡನ್ನಿನಲ್ಲಿ ನಷ್ಟ ಪರಿಹಾರಕ್ಕೆಂದು ಒಂದು ಆಯೋಗ ಕೂತಿತು. 3,000ಕ್ಕೂ ಹೆಚ್ಚು ಅರ್ಜಿಗಳ ವಿಚಾರಣೆ ನಡೆದು, ಒಟ್ಟು ಸುಮಾರು 30 ಲಕ್ಷ ಪೌಂಡು ಹಂಚಿಕೆಯಾಯಿತು. ಕೇಳಿದ್ದು ಅದರ ಮೂರು ಪಟ್ಟಿಗೂ ಹೆಚ್ಚು. ಕರಿಯ ಅರ್ಜಿದಾರರನ್ನು ಬಹುತೇಕ ಬರಿಗೈಲಿ ಕಳಿಸಿದರು. ಗುಲಾಮಗಿರಿ ತಪ್ಪಿತಲ್ಲ, ಇನ್ನೇನು ಬೇಕು ಎಂಬ ಧಾಟಿಯ ಟಿಪ್ಪಣಿಗಳು ಆ ಕಡತಗಳಲ್ಲಿವೆ. ಅದೇ ಕಡತಗಳಲ್ಲಿ ಸಾಮಾನ್ಯ ಜನ ಕಳೆದುಕೊಂಡ ಹಸು, ನೇಗಿಲು, ಹಾಸಿಗೆ, ಮಡಕೆಗಳ ಪಟ್ಟಿಗಳೂ ಇವೆ. ರಾಜನಿಷ್ಠರೆಲ್ಲ ಸಿರಿವಂತರು ಎಂಬ ಕಲ್ಪನೆಯನ್ನು ಒಡೆಯಲು ಅಷ್ಟು ಸಾಕು.

ಆದರೆ ಬಹುಪಾಲು ರಾಜನಿಷ್ಠರು ಎಲ್ಲಿಗೂ ಹೋಗಲಿಲ್ಲ. ಪ್ರಮಾಣ ಮಾಡಿ, ದಂಡ ಕಟ್ಟಿ, ಬಾಯಿ ಮುಚ್ಚಿಕೊಂಡು ಅಲ್ಲೇ ಬದುಕಿದರು. ಅವರ ಪರ ಕೋರ್ಟಿನಲ್ಲಿ ನಿಂತವನು ವಾಷಿಂಗ್ಟನ್ನನ ಆಪ್ತ ಸಹಾಯಕನಾಗಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್. ಮುಯ್ಯಿ ತೀರಿಸಿಕೊಳ್ಳುವ ಕಾನೂನುಗಳು ಒಪ್ಪಂದವನ್ನು ಮೀರುವಂತಿಲ್ಲ ಎಂದು 1784ರಲ್ಲಿ ಅವನು ಮಂಡಿಸಿದ ವಾದದ ಹುರುಳು ಮುಂದೆ ಅಮೆರಿಕದ ಸಂವಿಧಾನದಲ್ಲೇ ಸೇರಿತು. ಇತಿಹಾಸದ ಪುಟಗಳಲ್ಲಿ ಇವರಿಗೆ ಜಾಗ ಸಿಗಲು ಹೆಚ್ಚು ಕಾಲ ಹಿಡಿಯಿತು. ನ್ಯೂ ಬ್ರನ್ಸ್‌ವಿಕ್ ಗಡಿಗೆ ಹೊಂದಿದ ಮೇಯ್ನ್ ರಾಜ್ಯದ ಊರೊಂದರಲ್ಲಿ ವ್ಯಾಪಾರ ಮಾಡುತ್ತ ಆಚೆ ದಡದ ರಾಜನಿಷ್ಠರ ಮಕ್ಕಳು ಮೊಮ್ಮಕ್ಕಳ ಬಾಯಿಂದ ಕಥೆ ಕೇಳಿದ ಲೊರೆಂಜೊ ಸಬೀನ್ 1847ರಲ್ಲಿ ಅವರ ಜೀವನಚರಿತ್ರೆಗಳ ಕೋಶ ಪ್ರಕಟಿಸಿದಾಗ, ದ್ರೋಹಿಗಳಿಗೆ ಗೌರವವೇ ಎಂದು ಸಿಡುಕಿದವರಿದ್ದರು.

ಗುಲಾಮಗಿರಿಯಿಂದ ಓಡಿಬಂದವರ ವಿಷಯಕ್ಕೆ ವಾಷಿಂಗ್ಟನ್ 1783ರ ಮೇ 6ರಂದು ಬ್ರಿಟಿಷ್ ದಂಡನಾಯಕ ಗೈ ಕಾರ್ಲ್‌ಟನ್‌ನ ಎದುರು ಕೂತು, ಅಮೆರಿಕನ್ನರ ‘ಸೊತ್ತು’ ಮರಳಿಸಬೇಕೆಂದು ಕೇಳಿದ. ಕೊಟ್ಟ ಮಾತಿಗೆ ತಪ್ಪಲಾರೆ, ಆಗಲೇ ಹಡಗುಗಳು ಹೊರಟಿವೆ ಎಂದ ಕಾರ್ಲ್‌ಟನ್, ಹೋಗುವವರ ಹೆಸರುಗಳನ್ನು ಮಾತ್ರ ಬರೆಸಿಟ್ಟ. ಸುಮಾರು 3,000 ಹೆಸರುಗಳ ಆ ದಫ್ತರದಲ್ಲಿ ಪ್ರತಿಯೊಬ್ಬರ ವಯಸ್ಸು, ಚಹರೆ, ಹಳೆಯ ಒಡೆಯನ ಹೆಸರು ಇವೆ. ಒಂದು ಸಾಲು ಹ್ಯಾರಿ ವಾಷಿಂಗ್ಟನ್‌ನದು: 43 ವರ್ಷ, ಹಿಂದೆ ಜನರಲ್ ವಾಷಿಂಗ್ಟನ್ನನ ಗುಲಾಮ, ಬಿಟ್ಟುಬಂದು ಏಳು ವರ್ಷ.

ಶೆಲ್ಬರ್ನ್ ಪಕ್ಕದ ಬರ್ಚ್‌ಟೌನಿನಲ್ಲಿ ಹ್ಯಾರಿಗೆ ಒಂದಷ್ಟು ಕಲ್ಲುನೆಲ ಸಿಕ್ಕಿತು. 1784ರ ಜುಲೈನಲ್ಲಿ ಕಡಿಮೆ ಕೂಲಿಗೆ ದುಡಿಯುತ್ತಾರೆಂಬ ಸಿಟ್ಟಿಗೆ ಬಿಳಿಯ ಮಾಜಿ ಸೈನಿಕರು ಶೆಲ್ಬರ್ನ್‌ನಲ್ಲಿ ಕರಿಯರ ಮನೆಗಳನ್ನು ಕೆಡವಿದರು. ಅವರೂ ರಾಜನಿಷ್ಠರೇ. ಕಾರ್ನ್‌ವಾಲಿಸ್‌ನ ಸೇನೆ ಶ್ರೀರಂಗಪಟ್ಟಣದ ಕಡೆ ನಡೆಯುತ್ತಿದ್ದ 1792ರ ಜನವರಿಯಲ್ಲೇ ಹ್ಯಾರಿಯನ್ನೂ ಸೇರಿಸಿ ಸುಮಾರು 1,200 ಜನ 15 ಹಡಗುಗಳಲ್ಲಿ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೊರಟರು. ನೆಲಕ್ಕೆ ಕಂದಾಯವಿಲ್ಲವೆಂಬ ಭರವಸೆಯಿತ್ತು. ಅಲ್ಲಿ ಆಳುತ್ತಿದ್ದ ಲಂಡನ್ನಿನ ಕಂಪನಿ ಕಂದಾಯ ಹೇರಿತು, ತಮ್ಮ ಅಧಿಕಾರಿಗಳನ್ನು ತಾವೇ ಆರಿಸುತ್ತೇವೆಂಬ ಬೇಡಿಕೆಯನ್ನು ತಳ್ಳಿಹಾಕಿತು. 1800ರ ಸೆಪ್ಟೆಂಬರ್‌ನಲ್ಲಿ ಒಂದು ಗುಂಪು ತನ್ನದೇ ಕಾನೂನು ಬರೆದು ಫ್ರೀಟೌನಿನಲ್ಲಿ ಅಂಟಿಸಿ ದಂಗೆಯೆದ್ದಿತು. ಕಂಪನಿ ಅದನ್ನು ಅಡಗಿಸಿ ಇಬ್ಬರನ್ನು ಗಲ್ಲಿಗೇರಿಸಿತು, 30ಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಿತು. ಹ್ಯಾರಿ ವಾಷಿಂಗ್ಟನ್‌ನನ್ನು ಕಳಿಸಿದ್ದು ನದಿಯಾಚೆಯ ಬುಲ್ಲಂ ತೀರಕ್ಕೆ. ಅಲ್ಲಿ ಸೇರಿದ ಗಡೀಪಾರಿನವರು ಅವನನ್ನು ತಮ್ಮ ಮುಖಂಡರಲ್ಲಿ ಒಬ್ಬನನ್ನಾಗಿ ಆರಿಸಿಕೊಂಡರು.